ಹಿತ್ತಲ ಕೋಳಿಗೆ ಯಾರ ಮದ್ದು?

ಕೋಳಿ ಕೇಳಿ ಖಾರ ಅರೆಯುತ್ತಾರೆಯೇ ಎನ್ನುವ ಗಾದೆ ಅಡುಗೆಮನೆಗೆ ಸೇರಿದ್ದು. ಹಿತ್ತಲಲ್ಲಿ ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗಿದರೆ ಕೋಳಿಗಾಗಿಯೇ ಖಾರ ಅರೆಯುವವರಿದ್ದಾರೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಅರಿಶಿನ ಸೇರಿಸಿ ಅರೆದು ಉಂಡೆ ಮಾಡಿ ನುಂಗಿಸು ಎನ್ನುತ್ತಾರೆ ಆಚೆ ಮನೆಯ ಅಜ್ಜಿ. ಖಾರ ಬೇಡ, ಹುಳಿ ಮಜ್ಜಿಗೆ ಕುಡಿಸು ಎನ್ನುತ್ತಾರೆ ಈಚೆ ಮನೆಯವರು. ಮೆಡಿಕಲ್ ಶಾಪಿನವನು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಹಾಕಲು ಹೇಳುತ್ತಾನೆ. ಮೊಬೈಲ್ ತೆರೆದರೆ ಯಾವುದೋ ದೇಶದವರು ಸೇಬಿನ ವಿನೆಗರ್ ಒಂದಿದ್ದರೆ ಸಾಕು, ಔಷಧಿಯೇ ಬೇಡ ಎಂದು ನಗುತ್ತಿರುತ್ತಾರೆ. ಇವರೆಲ್ಲರ ಮಾತು ಕೇಳಿ ಮುಗಿಸುವಷ್ಟರಲ್ಲಿ ಕೋಳಿ ಕತ್ತು ತಿರುಚಿಕೊಂಡು ಬಿದ್ದಿರುತ್ತದೆ.

ಸಲಹೆ ಕೊಟ್ಟವರು ಯಾರೂ ಸುಳ್ಳು ಹೇಳಿರುವುದಿಲ್ಲ. ಒಬ್ಬೊಬ್ಬರ ಕಣ್ಣಿನಲ್ಲಿ ಇರುವುದು ಒಂದೊಂದು ಕೋಳಿ, ಅಷ್ಟೆ. ಅಜ್ಜಿ ಹೇಳುವುದು ತಿಪ್ಪೆ ಕೆದಕಿ, ಮರದ ಮೇಲೆ ಮಲಗಿ ಬೆಳೆದ ನಾಟಿ ಹೇಂಟೆಯ ಮಾತು. ಫೀಡ್ ಅಂಗಡಿಯವರು ಹೇಳುವುದು ಶೆಡ್ಡಿನೊಳಗೆ ಸಾವಿರಗಟ್ಟಲೆ ಇರುವ ಬ್ರಾಯ್ಲರ್ ಮಾತು. ನಿಮ್ಮ ಮನೆಯಲ್ಲಿ ಇರುವುದು ಗಿರಿರಾಜವೋ ಸ್ವರ್ಣಧಾರವೋ ಆಗಿದ್ದರೆ ಇಬ್ಬರ ಮಾತೂ ಅರ್ಧವಷ್ಟೇ ಹೊಂದುತ್ತದೆ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ಸ್ವರ್ಣಧಾರ ಅದರ ನಂತರ ಬಂದದ್ದು. ಎರಡೂ ನಾಟಿ ಕೋಳಿಯ ಎರಡು ಮೂರು ಪಟ್ಟು ಮೊಟ್ಟೆ ಇಡುತ್ತವೆ, ಬೇಗ ತೂಕ ಬರುತ್ತವೆ. ಹಾಗೆಯೇ ಅವಕ್ಕೆ ಮೇವೂ ಜಾಸ್ತಿ ಬೇಕು, ಕಾವು ಕೂರುವುದರಲ್ಲಿ ಮಾತ್ರ ಹಿಂದು. ‘ನಾಟಿ ಕೋಳಿಗೆ ಏನೂ ಹಾಕಬೇಡ, ತಾನೇ ಮೇಯುತ್ತದೆ’ ಎಂಬ ಮಾತನ್ನು ಗಿರಿರಾಜಕ್ಕೆ ಅನ್ವಯಿಸಿದರೆ ಮೊಟ್ಟೆಯ ಲೆಕ್ಕ ತಪ್ಪುತ್ತದೆ. ಗಿರಿರಾಜದ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿಸಿದರೂ ನಿರಾಶೆಯೇ: ಅದು ಬೆರಕೆ ತಳಿ, ಮುಂದಿನ ಪೀಳಿಗೆಯಲ್ಲಿ ಆ ಗುಣ ಉಳಿಯುವುದಿಲ್ಲ.

ಮನೆಮದ್ದನ್ನು ತೂಗಿ ನೋಡುವುದಕ್ಕೆ ನಾನು ಒಪ್ಪಿರುವ ಒಂದು ಅಳತೆಯಿದೆ. ಕೋಳಿಯ ಮೈಮೇಲಿನ ತೊಂದರೆಗೆ, ಗೂಡಿನ ತೊಂದರೆಗೆ, ಮೇವಿನ ಕೊರತೆಗೆ ಮನೆಯಲ್ಲೇ ಮದ್ದಿದೆ, ಅದು ಕೆಲಸವನ್ನೂ ಮಾಡುತ್ತದೆ. ವೈರಸ್ಸಿನಿಂದ ಬರುವ ರೋಗಕ್ಕೆ ಬೆಳ್ಳುಳ್ಳಿಯೂ ಇಲ್ಲ, ಕ್ಯಾಪ್ಸೂಲೂ ಇಲ್ಲ. ಮೊದಲೇ ಹಾಕಿದ ಲಸಿಕೆಯೊಂದೇ. ಈ ಗೆರೆ ತಿಳಿಯದೆ ಆಡುವ ಮಾತಿನಿಂದಲೇ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಗೂಡು ಖಾಲಿಯಾಗುವುದು.

ಕೊಕ್ಕರೆ ರೋಗ: ಗೆದ್ದದ್ದು ಯಾರು?

ಹಿತ್ತಲ ಕೋಳಿ ಸಾಕುವವರು ಹೆದರಬೇಕಾದ ಮೊದಲ ಹೆಸರು ಕೊಕ್ಕರೆ ರೋಗ. ಪಶುವೈದ್ಯರು ರಾಣಿಖೇತ್ ಎನ್ನುತ್ತಾರೆ. 1920ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಇದನ್ನು ಗುರುತಿಸಿದ್ದು ಹಿಮಾಲಯದ ತಪ್ಪಲಿನ ಅದೇ ಹೆಸರಿನ ಊರಿನಲ್ಲಿ. ಹಸಿರು ಮಿಶ್ರಿತ ಬಿಳಿ ಹಿಕ್ಕೆ, ಬಾಯಿ ತೆರೆದು ಗೊರಗೊರ ಉಸಿರು, ಇಳಿಬಿದ್ದ ರೆಕ್ಕೆ, ಆಮೇಲೆ ಕತ್ತು ತಿರುಚುವುದು. ಲಸಿಕೆ ಇಲ್ಲದ ಕೋಳಿಗಳಿಗೆ ಬಡಿದರೆ ಹತ್ತರಲ್ಲಿ ಎಂಟು ಒಂಬತ್ತು ಹೋಗಬಹುದು, ಒಮ್ಮೊಮ್ಮೆ ಹತ್ತೂ.

ಇದಕ್ಕೆ ಹೇಳುವಷ್ಟು ಮನೆಮದ್ದನ್ನು ಬೇರೆ ಯಾವ ರೋಗಕ್ಕೂ ಹೇಳುವುದಿಲ್ಲ. ಜೀರಿಗೆ, ಕಾಳುಮೆಣಸು, ನೆಲನೆಲ್ಲಿ, ಈರುಳ್ಳಿ, ಬೇವು, ಅರಿಶಿನ, ಊರಿಗೊಂದು ಪಾಕ. ‘ಕೊಟ್ಟೆವು, ಎರಡು ಕೋಳಿ ಉಳಿದುಕೊಂಡವು’ ಎಂದು ಎದೆ ತಟ್ಟಿ ಹೇಳುವವರೂ ಸಿಗುತ್ತಾರೆ. ಏನೂ ಕೊಡದಿದ್ದರೂ ಆ ಎರಡು ಉಳಿಯುತ್ತಿದ್ದವು. ರೋಗ ಗೆದ್ದ ಕೋಳಿಗೆ ಸಲ್ಲಬೇಕಾದ ಕೀರ್ತಿ ಮದ್ದಿಗೆ ಹೋಗುತ್ತದೆ, ಸತ್ತ ಎಂಟಕ್ಕೂ ಅದೇ ಮದ್ದು ಕೊಟ್ಟದ್ದು ಮರೆತುಹೋಗುತ್ತದೆ. ಮೆಣಸಿನ ಉಂಡೆಯಿಂದ ಕೋಳಿಗೆ ಖಾರವಂತೂ ಆಗದು. ಮೆಣಸಿನಕಾಯಿಯ ಖಾರ ಹಕ್ಕಿಗಳ ನಾಲಗೆಗೆ ತಾಕುವುದಿಲ್ಲ. ಆದರೆ ಉಸಿರಾಡಲು ಒದ್ದಾಡುತ್ತಿರುವ ಕೋಳಿಯ ಬಾಯಿಗೆ ಕಷಾಯ ಸುರಿದರೆ ಅದು ಶ್ವಾಸನಾಳಕ್ಕೆ ಇಳಿದು ಕೋಳಿ ಕೈಯಲ್ಲೇ ಸಾಯಬಹುದು.

ಲಸಿಕೆಯ ವಿಷಯದಲ್ಲೂ ಎರಡು ಮಾತು ಕೇಳಿಬರುತ್ತವೆ. ‘ಹಾಕಿಸಿದ ಮೇಲೆಯೇ ಕೋಳಿ ಸತ್ತವು’ ಎನ್ನುವವರ ಮಾತನ್ನು ತಳ್ಳಿಹಾಕಬೇಕಿಲ್ಲ, ಹಾಗೆ ಆಗುವುದುಂಟು. ಕಾರಣ ಬೇರೆ ಇರುತ್ತದೆ. ಕೊಕ್ಕರೆ ರೋಗಕ್ಕೆ ಒಂದೇ ಲಸಿಕೆ ಇಲ್ಲ. ಮರಿಗೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡುವುದು ಲಸೋಟಾ ಅಥವಾ ಎಫ್-1 ಎಂಬ ಸೌಮ್ಯ ಲಸಿಕೆ. ನಾಲ್ಕನೇ ವಾರದ ಹೊತ್ತಿಗೆ ಲಸೋಟಾವನ್ನೇ ಇನ್ನೊಮ್ಮೆ, ಕುಡಿಯುವ ನೀರಿನಲ್ಲಿ. ಎಂಟನೇ ವಾರದಲ್ಲಿ ರೆಕ್ಕೆಯ ಬುಡಕ್ಕೆ ಚುಚ್ಚುವುದು ಆರ್‌2ಬಿ. ಮುಕ್ತೇಶ್ವರದ ಸಂಶೋಧನಾಲಯದಲ್ಲಿ ರೂಪುಗೊಂಡ, ಸ್ವಲ್ಪ ಬಿರುಸಾದ ಲಸಿಕೆ ಅದು. ಆರು ವಾರ ತುಂಬದ ಮರಿಗೆ ಇದನ್ನು ಚುಚ್ಚಿದರೆ ಮರಿ ಸಾಯಬಹುದು. ಪಕ್ಕದ ಮನೆಯಲ್ಲಿ ಕೋಳಿ ಸಾಯತೊಡಗಿದ ಮೇಲೆ ಓಡಿಹೋಗಿ ಹಾಕಿಸಿದರೂ ಅಷ್ಟೆ, ರೋಗ ಆಗಲೇ ಮೈಯೊಳಗೆ ಇಳಿದಿರುತ್ತದೆ. ಅಂಗಡಿಯಿಂದ ಬಿಸಿಲಿನಲ್ಲಿ ಜೇಬಿನಲ್ಲಿಟ್ಟು ತಂದ ಲಸಿಕೆ ಕೊಲ್ಲುವುದೂ ಇಲ್ಲ, ಕಾಯುವುದೂ ಇಲ್ಲ. ಅದು ಜೀವಂತ ವೈರಸ್ಸು. ಮಂಜುಗಡ್ಡೆ ಹಾಕಿದ ಥರ್ಮಾಸಿನಲ್ಲಿ ಬರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು.

ಮನೆಮದ್ದು ಅಡ್ಡ ಬರುವುದು ಲಸಿಕೆಯನ್ನು ನೀರಿನಲ್ಲಿ ಕೊಡುವಾಗಲೇ. ನಲ್ಲಿ ನೀರಿನ ಕ್ಲೋರಿನ್, ಗೂಡಿನ ನೀರಿಗೆ ಬೆರೆಸುವ ಪೊಟ್ಯಾಸಿಯಂ ಪರ್ಮಾಂಗನೇಟ್, ವಿನೆಗರ್, ಬೇವಿನ ಕಷಾಯ, ಇವುಗಳ ಜೊತೆಗೆ ಲಸಿಕೆ ಸೇರಬಾರದು. ಹಿಂದಿನ ದಿನದಿಂದಲೇ ಇವೆಲ್ಲ ನಿಲ್ಲಿಸಿ. ಬಾವಿಯ ನೀರನ್ನೋ ಕುದಿಸಿ ಆರಿಸಿದ ನೀರನ್ನೋ ಬಳಸಿ. ಲೀಟರಿಗೆ ಒಂದು ಚಮಚ ಕೆನೆ ತೆಗೆದ ಹಾಲಿನ ಪುಡಿ ಕದಡಿದರೆ ಲಸಿಕೆ ಇನ್ನಷ್ಟು ಹೊತ್ತು ಬಾಳುತ್ತದೆ. ಎರಡು ಗಂಟೆ ನೀರು ಕೊಡದೆ ಬಾಯಾರಿಸಿ, ಬೆಳಿಗ್ಗೆ ತಂಪು ಹೊತ್ತಿನಲ್ಲಿ ಇಟ್ಟರೆ ಎಲ್ಲ ಕೋಳಿಯೂ ಕುಡಿಯುತ್ತವೆ.

ಹಿತ್ತಲ ಸಾಕಣೆಯವರ ನಿಜವಾದ ತೊಡಕು ಬೇರೆಯೇ ಇದೆ. ಲಸಿಕೆಯ ಸೀಸೆ ಬರುವುದು ನೂರು, ಇನ್ನೂರು, ಐನೂರು ಕೋಳಿಯ ಲೆಕ್ಕದಲ್ಲಿ. ಮನೆಯಲ್ಲಿರುವುದು ಎಂಟು. ಎಂಟು ಕೋಳಿಗಾಗಿ ಸೀಸೆ ಒಡೆಯಲು ಪಶು ಆಸ್ಪತ್ರೆಯವರು ಹಿಂದೆಮುಂದೆ ನೋಡಿದರೆ ಅವರನ್ನು ಬೈದು ಪ್ರಯೋಜನವಿಲ್ಲ. ಬೀದಿಯವರು ಸೇರಿ ಒಂದು ದಿನ ಗೊತ್ತುಮಾಡಿಕೊಂಡು, ಹಿಂದಿನ ರಾತ್ರಿಯೇ ಕೋಳಿಗಳನ್ನು ಮಂಕರಿಯಡಿ ಮುಚ್ಚಿಟ್ಟುಕೊಂಡರೆ ಬೆಳಗಿನ ಹೊತ್ತಿಗೆ ಕೆಲಸ ಮುಗಿಯುತ್ತದೆ. ಹಗಲಾದ ಮೇಲೆ ಕೋಳಿ ಹಿಡಿಯಲು ಹೊರಟವರ ಪಾಡು ನೋಡುವಂತಿರುತ್ತದೆ.

ರೋಗ ನಡೆದು ಬರುವ ದಾರಿಯನ್ನೂ ನೋಡಿ. ಬೇಸಿಗೆ ಎಂದರೆ ಜಾತ್ರೆ, ಹಬ್ಬ, ನೆಂಟರು. ಸಂತೆಯಿಂದ ಬಂದ ಕೋಳಿ, ನೆಂಟರು ಕೊಟ್ಟ ಹುಂಜ, ಕೊಯ್ದ ಕೋಳಿಯ ಪುಕ್ಕ ಮತ್ತು ಕರುಳು ತಿಪ್ಪೆಗೆ. ಆ ತಿಪ್ಪೆಯನ್ನೇ ನಮ್ಮ ಕೋಳಿ ಕೆದಕುವುದು. ಹೊಸ ಕೋಳಿಯನ್ನು ಎರಡು ಮೂರು ವಾರ ದೂರದಲ್ಲಿ ಬೇರೆಯಾಗಿ ಕಟ್ಟಿ ಸಾಕಿ. ಪುಕ್ಕ, ಕರುಳನ್ನು ಹೂಳಿ. ತೂಕಡಿಸುವ ಕೋಳಿಯನ್ನು ‘ಸಾಯುವ ಮೊದಲು ಮಾರಿಬಿಡೋಣ’ ಎಂದು ಸಂತೆಗೆ ಒಯ್ಯುವುದು ಇನ್ನೊಬ್ಬರ ಗೂಡಿಗೆ ಬೆಂಕಿ ಇಟ್ಟಂತೆ.

ಬೂದಿ, ಎಣ್ಣೆ, ಒಣ ಹೊಟ್ಟು

ಇನ್ನು ಅಜ್ಜಿಯ ಮಾತು ಗೆಲ್ಲುವ ಜಾಗಕ್ಕೆ ಬರೋಣ. ಒಲೆಯ ಬೂದಿಗೆ ಒಣ ಮಣ್ಣು ಬೆರೆಸಿ ಮೂಲೆಯಲ್ಲಿ ಒಂದು ಗುಂಡಿಗೆ ಹಾಕಿಟ್ಟರೆ ಕೋಳಿ ತಾನೇ ಹೊರಳಾಡಿ ಹೇನು ಕಳೆದುಕೊಳ್ಳುತ್ತದೆ. ಸಣ್ಣ ಪುಡಿ ಹೇನಿನ ಮೈಯ ಮೇಣವನ್ನು ಸವೆಸಿ ಒಣಗಿಸುತ್ತದೆ. ಎರಡು ಎಚ್ಚರ ಬೇಕು: ಬೂದಿ ಒಣಗಿರಬೇಕು, ನೆಂದ ಬೂದಿ ಚರ್ಮ ಸುಡುತ್ತದೆ, ಕಟ್ಟಿಗೆಯ ಬೂದಿಯೇ ಆಗಬೇಕು, ಕಸ ಪ್ಲಾಸ್ಟಿಕ್ ಸುಟ್ಟದ್ದಲ್ಲ. ಗುದದ ಸುತ್ತ ಪುಕ್ಕದ ಬುಡದಲ್ಲಿ ಸೀರು ಅಂಟಿಕೊಂಡಿದ್ದರೆ ಕೈಯಾರೆ ಬೂದಿ ಉಜ್ಜಿ, ವಾರ ಬಿಟ್ಟು ಮತ್ತೊಮ್ಮೆ ಉಜ್ಜಿ. ಸೀರು ಒಡೆದು ಹೊಸ ಹೇನು ಬರುವುದು ಆ ಹೊತ್ತಿಗೆ.

ಕಾಲಿನ ಹುರುಪೆ ಎದ್ದು ದಪ್ಪಗಾಗಿ ಸುಣ್ಣ ಮೆತ್ತಿದಂತೆ ಕಂಡರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಸೀಮೆಎಣ್ಣೆಯಲ್ಲಿ ಕಾಲು ಅದ್ದು ಎನ್ನುವವರಿದ್ದಾರೆ. ಬೇಡ, ಕಾಲು ಬೆಂದು ಹೋಗುತ್ತದೆ. ಬೆಚ್ಚನೆಯ ಸೋಪಿನ ನೀರಿನಲ್ಲಿ ತೊಳೆದು, ಕೊಬ್ಬರಿ ಎಣ್ಣೆಯನ್ನೋ ಬೇವಿನ ಎಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆಯನ್ನೋ ಹುರುಪೆಯ ಸಂದಿಗೆ ಇಳಿಯುವ ಹಾಗೆ ಹಚ್ಚಿ. ಎಣ್ಣೆಯಡಿ ನುಸಿ ಉಸಿರು ಕಟ್ಟಿ ಸಾಯುತ್ತದೆ. ಕೆಲವು ದಿನಕ್ಕೊಮ್ಮೆಯಂತೆ ಒಂದೆರಡು ತಿಂಗಳು ಬಿಡದೆ ಹಚ್ಚಬೇಕು, ಕೋಳಿ ಕೂರುವ ಗಳಕ್ಕೂ ಹಚ್ಚಬೇಕು. ಜನ ಎರಡು ಸಲ ಹಚ್ಚಿ ‘ಗುಣ ಇಲ್ಲ’ ಎಂದು ಬಿಡುವುದೇ ಹೆಚ್ಚು.

ಉಣ್ಣೆಯದು ಬೇರೆ ಕಥೆ. ಕೋಳಿ ಉಣ್ಣೆ ಹಗಲು ಗೋಡೆಯ ಬಿರುಕಿನಲ್ಲಿ, ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಹೋಗುತ್ತದೆ. ಹಗಲಲ್ಲಿ ಕೋಳಿಯ ಮೈಗೆ ಏನು ಬಳಿದರೂ ದಂಡ. ಬಿರುಕಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಮಣ್ಣು ಮೆತ್ತಿ, ದಪ್ಪಗೆ ಸುಣ್ಣ ಬಳಿಯುವುದು ಹಳೆಯ ಪದ್ಧತಿ. ಅದಕ್ಕಿಂತ ಒಳ್ಳೆಯ ಬುದ್ಧಿ ನನಗೆ ಕಂಡಿಲ್ಲ.

ಮರಿಗಳ ರಕ್ತಭೇದಿಗೂ ಅರ್ಧ ಮದ್ದು ನೆಲದಲ್ಲೇ ಇದೆ. ಮೂರರಿಂದ ಎಂಟು ವಾರದ ಮರಿಗಳು ಮುದುರಿ ನಿಂತು ರಕ್ತ ಬೆರೆತ ಹಿಕ್ಕೆ ಹಾಕಿದರೆ, ಹಾಸು ಒದ್ದೆಯಾಗಿದೆ ಎಂದು ಅರ್ಥ. ಭತ್ತದ ಹೊಟ್ಟನ್ನೋ ಕಡಲೆಕಾಯಿ ಸಿಪ್ಪೆಯನ್ನೋ ಎರಡು ಮೂರು ಅಂಗುಲ ಹರಡಿ, ದಿನವೂ ಕೆದಕಿ, ನೀರಿನ ತಟ್ಟೆಯ ಸುತ್ತ ನೆಂದದ್ದನ್ನು ತೆಗೆದು ಹಾಕಿದರೆ ರೋಗ ಬರುವುದೇ ಅಪರೂಪ. ಬಂದ ಮೇಲೆ ಆಂಪ್ರೋಲಿಯಂ ಎಂಬ ಪುಡಿ ಬೇಕೇ ಬೇಕು. ದಾಳಿಂಬೆ ಸಿಪ್ಪೆಯನ್ನು ನಂಬಿ ಕೂರಬೇಡಿ. ಅಂಗಡಿಯವರು ಅದರ ಜೊತೆಗೆ ‘ಶಕ್ತಿಗೆ’ ಎಂದು ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಡುವುದುಂಟು. ಬಿ-1 ಜೀವಸತ್ವವನ್ನು ತಡೆದೇ ಆಂಪ್ರೋಲಿಯಂ ರೋಗಾಣುವನ್ನು ಸೊರಗಿಸುವುದು. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಟಾನಿಕ್ ಔಷಧಿ ಮುಗಿದ ಮೇಲೆ ಇರಲಿ.

ಸಿಡುಬಿನ ಗಂಟಿಗೆ ಬೇವು ಅರಿಶಿನದ ಲೇಪ ಹಚ್ಚಬಹುದು, ಕೀವಾಗದಂತೆ ಕಾಯುತ್ತದೆ. ಗಂಟು ಕೀಳಬೇಡಿ. ಮೂರು ನಾಲ್ಕು ವಾರದಲ್ಲಿ ಅವೇ ಉದುರುತ್ತವೆ. ಸಿಡುಬನ್ನು ಹರಡುವುದು ಸೊಳ್ಳೆ ಎಂದು ಗೂಡಿನೊಳಗೆ ಹೊಗೆ ತುಂಬುವವರು ಕೋಳಿಯ ಉಸಿರಿನ ಮೇಲೂ ಸ್ವಲ್ಪ ಕರುಣೆ ಇಡಲಿ. ಹಕ್ಕಿಯ ಶ್ವಾಸಕೋಶಕ್ಕೆ ಹೊಗೆ ತಡೆಯುವ ಶಕ್ತಿ ಕಡಿಮೆ. ಗೂಡಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದರೆ ಆಯಿತು.

ಗಿಡದ್ದೆಲ್ಲ ಒಳ್ಳೆಯದಲ್ಲ

‘ಗಿಡಮೂಲಿಕೆ ತಾನೆ, ಏನಾಗುತ್ತದೆ’ ಎನ್ನುವ ಮಾತಿಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ತಮ್ಮ ಬೆಣ್ಣೆಹಣ್ಣಿನ ಮರವನ್ನು ಒಮ್ಮೆ ನೋಡಲಿ. ಅದರ ಎಲೆ, ತೊಗಟೆ, ಸಿಪ್ಪೆ, ಬೀಜದಲ್ಲಿರುವ ಪರ್ಸಿನ್ ಹಕ್ಕಿಯ ಹೃದಯಕ್ಕೆ ವಿಷ. ತಿಂದ ಒಂದೆರಡು ದಿನದಲ್ಲೇ ಸಾವು ಬರಬಹುದು. ಹಣ್ಣಿನ ಸಿಪ್ಪೆಯನ್ನು ಕೋಳಿಗೆ ಹಾಕುವ ತಟ್ಟೆಗೆ ಸೇರಿಸಬೇಡಿ. ಹೇನಿಗೆಂದು ಸೀತಾಫಲದ ಬೀಜ ಅರೆದು ಹಚ್ಚುತ್ತಾರೆ. ಹೇನೇನೋ ಸಾಯುತ್ತದೆ, ಕಣ್ಣಿಗೆ ಬಿದ್ದರೆ ಕೋಳಿಯದೂ ಹಚ್ಚಿದವರದೂ ಕಣ್ಣು ಕೆಡುತ್ತದೆ. ಹೊಗೆಸೊಪ್ಪಿನ ನೀರು ಇನ್ನೂ ಕೆಟ್ಟದ್ದು, ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ಈರುಳ್ಳಿ ಸಾಂಬಾರಿನ ಜೊತೆ ನಾಲ್ಕು ಚೂರು ಹೋದರೆ ತೊಂದರೆಯಿಲ್ಲ, ಮದ್ದೆಂದು ದಿನವೂ ಹಿಡಿ ಹಿಡಿ ತಿನ್ನಿಸಿದರೆ ರಕ್ತದ ಕೆಂಪು ಕಣ ಒಡೆದು ಕೋಳಿ ಬಿಳಿಚಿಕೊಳ್ಳುತ್ತದೆ. ಉಪ್ಪಿನಕಾಯಿ, ಉಪ್ಪು ಮೀನಿನ ತಲೆಯನ್ನೂ ದೂರವಿಡಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ವಿಷವೆಂದೇ ಯಾರೂ ಎಣಿಸದ ಬೂಷ್ಟು ಹಿಡಿದ ಕಾಳು. ಮಳೆಗೆ ನೆಂದ ಮೆಕ್ಕೆಜೋಳ, ಕಪ್ಪಾದ ಕಡಲೆಕಾಯಿ ಹಿಂಡಿಯನ್ನು ‘ಮನುಷ್ಯರಿಗೆ ಆಗದು, ಕೋಳಿಗಾದರೂ ಆಗಲಿ’ ಎಂದು ಎತ್ತಿಡುತ್ತೇವೆ. ಬಿಸಿಲಿಗೆ ಹಾಕಿದರೆ, ಹುರಿದರೆ ಸರಿಹೋಗುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಬೂಷ್ಟು ಸಾಯಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಒಲೆಯ ಶಾಖಕ್ಕೆ ಜಗ್ಗುವುದಿಲ್ಲ. ಯಕೃತ್ತು ಕೆಡುತ್ತದೆ, ಮೊಟ್ಟೆ ನಿಲ್ಲುತ್ತದೆ, ಹಾಕಿಸಿದ ಲಸಿಕೆಯೂ ಹಿಡಿಯುವುದಿಲ್ಲ. ಅಂಥ ಕಾಳು ಗೊಬ್ಬರದ ಗುಂಡಿಗೂ ಬೇಡ, ಕೋಳಿ ಅಲ್ಲೂ ಕೆದಕುತ್ತದೆ. ಹೂಳಿಬಿಡಿ.

ಜಂತಿಗೆ ಪಪ್ಪಾಯಿ ಬೀಜ, ಕುಂಬಳ ಬೀಜ, ಮಲೆನಾಡಿನಲ್ಲಿ ಅಡಿಕೆ. ಅಡಿಕೆಯ ಅರೆಕೊಲಿನ್ ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳಕ್ಕೆ ಪಶುವೈದ್ಯರೇ ಕೊಡುತ್ತಿದ್ದ ಮದ್ದು, ನಿಜ. ಹುಳ ಕೊಲ್ಲುವ ಪ್ರಮಾಣಕ್ಕೂ ಸಾಕುಪ್ರಾಣಿಗೆ ಕೇಡಾಗುವ ಪ್ರಮಾಣಕ್ಕೂ ಅಂತರ ಕಡಿಮೆ ಎಂದೇ ಅದನ್ನು ಕೈಬಿಟ್ಟರು. ಚಿಟಿಕೆಯ ಲೆಕ್ಕದಲ್ಲಿ ಅಂಥದ್ದನ್ನು ಕೋಳಿಗೆ ಕೊಡುವುದು ಸಲ್ಲ. ಪಪ್ಪಾಯಿ, ಕುಂಬಳ ಮೇವಾಗಿ ಇರಲಿ, ಹುಳಕ್ಕೆ ಪಶುವೈದ್ಯರು ತೂಕ ನೋಡಿ ಬರೆದ ಔಷಧಿ ಇರಲಿ. ಸೇಬಿನ ವಿನೆಗರ್ ಹುಳ ಕೊಲ್ಲುವುದಿಲ್ಲ. ತಗಡಿನ ಡಬ್ಬಿಯಲ್ಲಿ ಅದನ್ನಾಗಲಿ ಹುಳಿ ಮಜ್ಜಿಗೆಯನ್ನಾಗಲಿ ಇಟ್ಟರೆ ಸತು ಕರಗಿ ನೀರಿಗೆ ಸೇರುತ್ತದೆ. ಮಣ್ಣಿನ ಮಡಕೆಯೇ ಮೇಲು.

ಮೊಟ್ಟೆ, ಕಾವು, ಗುಡುಗು

ತೊಗಲು ಮೊಟ್ಟೆ ಬಂದರೆ ಸುಣ್ಣದ ತಿಳಿ ಕುಡಿಸು ಎನ್ನುವುದು ಒಂದು ಸಲಹೆ, ಮೊಟ್ಟೆಯ ಸಿಪ್ಪೆ ಹಾಕು ಎನ್ನುವುದು ಇನ್ನೊಂದು. ಸಿಪ್ಪೆ ಹಾಕಿದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕಿ ತಿನ್ನಲು ಕಲಿಯುತ್ತದೆ ಎನ್ನುವುದು ಮೂರನೆಯದು. ಸಿಪ್ಪೆಯನ್ನು ಒಣಗಿಸಿ ಹುರಿದು, ಮೊಟ್ಟೆಯ ಗುರುತೇ ಸಿಗದಂತೆ ಪುಡಿ ಮಾಡಿ, ಬೇರೆ ಬಟ್ಟಲಲ್ಲಿಡಿ. ಕರಾವಳಿಯವರಿಗೆ ಕಪ್ಪೆಚಿಪ್ಪಿನ ಪುಡಿಯಿದೆ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಸುಣ್ಣ ಗಂಟಲು ಸುಡುತ್ತದೆ, ಅದು ಗೋಡೆಗಿರಲಿ. ಮೊಟ್ಟೆಕೋಳಿಯ ಫೀಡನ್ನು ಮರಿಗಳಿಗೆ ಹಾಕುವುದೂ ತಪ್ಪು, ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಮರಿಯ ಮೂತ್ರಪಿಂಡ ಕೆಡಿಸುತ್ತದೆ.

ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತವೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಾರೆ. ಇಟ್ಟರೆ ನಷ್ಟವಿಲ್ಲ. ಆದರೆ ಗುಡುಗು ಸಿಡಿಲಿನ ಮುಂಗಾರುಪೂರ್ವ ದಿನಗಳೇ ಸೆಕೆಯ ದಿನಗಳು. ಕಾವಿಗಿಡುವ ಮೊದಲೇ ಮೊಟ್ಟೆ ಬಿಸಿಗೆ ಕೆಟ್ಟಿರುತ್ತದೆ. ಒಂದು ವಾರದೊಳಗಿನ ಮೊಟ್ಟೆಯನ್ನೇ ಆರಿಸಿ, ಒದ್ದೆ ಮರಳಿನ ಮೇಲಿಟ್ಟ ಮಡಕೆಯಲ್ಲಿ ತಂಪಾಗಿಟ್ಟು, ಹೇಂಟೆಯ ಗಾತ್ರ ನೋಡಿ ಹತ್ತು ಹನ್ನೆರಡಕ್ಕೆ ನಿಲ್ಲಿಸಿ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕೆಂಪು ನರ ಕಾಣುತ್ತದೆ, ಕಾಣದ್ದನ್ನು ತೆಗೆದುಬಿಡಿ. ಉದ್ದನೆಯದು ಹುಂಜ, ಗುಂಡನೆಯದು ಹೇಂಟೆ ಎನ್ನುವ ಲೆಕ್ಕಕ್ಕೆ ಆಧಾರವಿಲ್ಲ. ಬೇಡದ ಹೊತ್ತಿನಲ್ಲಿ ಕಾವು ಕೂತ ಹೇಂಟೆಯನ್ನು ನೀರಿನಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ಹಿಂಸೆಯಷ್ಟೇ. ಗಾಳಿಯಾಡುವ ತಂತಿ ತಳದ ಪಂಜರದಲ್ಲಿ ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಇರಿಸಿದರೆ ಹೊಟ್ಟೆಯಡಿ ತಂಪಾಗಿ ಕಾವು ಇಳಿಯುತ್ತದೆ.

ಕೊನೆಗೆ ಮೆಡಿಕಲ್ ಶಾಪಿನ ಆ ಕ್ಯಾಪ್ಸೂಲಿನ ಮಾತು. ವೈರಸ್ಸಿಗೆ ಆಂಟಿಬಯೋಟಿಕ್ ಏನೂ ಮಾಡದು. ಕೊಟ್ಟದ್ದು ಮೊಟ್ಟೆಗಿಳಿದು ಮನೆಯ ಮಕ್ಕಳ ತಟ್ಟೆಗೆ ಬರುತ್ತದೆ. ಕೋಳಿ ಸಾಕಣೆಯಲ್ಲಿ ಎಗ್ಗಿಲ್ಲದೆ ಬಳಕೆಯಾಗುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕನ್ನು ಕೇಂದ್ರ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿದ್ದು, ರೋಗಾಣುಗಳು ಮನುಷ್ಯರಲ್ಲೂ ಅದಕ್ಕೆ ಜಗ್ಗದಂತಾಗುವ ಭಯದಿಂದ. ಪಶುವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿಯೇ ಕೊಡಿ. ಒಂದೇ ದಿನ ಹಲವು ಕೋಳಿ ಸತ್ತರೆ ಮದ್ದು ಹುಡುಕುವುದನ್ನು ಬಿಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ನೋಡಿದ ಮಾತ್ರಕ್ಕೆ ಅದಕ್ಕೂ ಕೊಕ್ಕರೆ ರೋಗಕ್ಕೂ ವ್ಯತ್ಯಾಸ ಹೇಳುವುದು ವೈದ್ಯರಿಗೂ ಕಷ್ಟ, ಪ್ರಯೋಗಾಲಯವೇ ಹೇಳಬೇಕು.

ಸಂಕ್ರಾಂತಿ ಕಳೆದ ವಾರವೇ ಬೀದಿಯ ಕೋಳಿಗಳನ್ನು ಎಣಿಸಿ, ಒಂದು ಚೀಟಿಯಲ್ಲಿ ಬರೆದು, ಹತ್ತಿರದ ಪಶು ಆಸ್ಪತ್ರೆಗೆ ಕೊಟ್ಟು ಲಸಿಕೆಗೆ ದಿನ ಕೇಳಿ. ಆಸ್ಪತ್ರೆ ದೂರವಿದ್ದರೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸೆಯ ಸಂಖ್ಯೆ 1962.